ಪರೀಕ್ಷಾ ಕೊಠಡಿಗೆ ಕಂಪ್ಯೂಟರ್ ತರುವ ಮೊದಲು ಪ್ರಶ್ನೆಪತ್ರಿಕೆಯ ಫೈಲ್ ತೆರೆದು ನೋಡಿ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಪರೀಕ್ಷೆಗಳ ಜವಾಬ್ದಾರಿಯೂ ನನ್ನ ಮೇಲೆ ಬಿದ್ದಿದೆ. ಒಂಬತ್ತನೇ ತರಗತಿಯಲ್ಲಿ ಮೂವರು ಮಕ್ಕಳಿದ್ದಾರೆ. ಒಬ್ಬಳಿಗೆ ಕಣ್ಣು ಕಾಣುವುದಿಲ್ಲ. ಒಬ್ಬನಿಗೆ ಡಿಸ್ಲೆಕ್ಸಿಯಾ, ಅಕ್ಷರ ಓದುವುದೇ ಕಷ್ಟ. ಇನ್ನೊಬ್ಬನಿಗೆ ಸೆರೆಬ್ರಲ್ ಪಾಲ್ಸಿ, ಪೆನ್ನು ಹಿಡಿದು ಬರೆಯಲು ಆಗುವುದಿಲ್ಲ. ಇಲ್ಲಿಯವರೆಗೆ ಮೂವರಿಗೂ ಸ್ಕ್ರೈಬ್ (ಪ್ರಶ್ನೆ ಓದಿ ಹೇಳಿ, ಉತ್ತರ ಬರೆದುಕೊಡುವವರು) ಕೊಟ್ಟು ಬರೆಸುತ್ತಿದ್ದೆವು. ಈಗ ಪಾಲಕರು ಕಂಪ್ಯೂಟರ್‌ನಲ್ಲೇ ಬರೆಯಲು ಬಿಡಿ ಎನ್ನುತ್ತಿದ್ದಾರೆ. ಯಾವ ಸಾಫ್ಟ್‌ವೇರ್ ಕೊಳ್ಳಬೇಕು? ಉಳಿದ ಮಕ್ಕಳಿಗೆ ಅನ್ಯಾಯ ಆಗುವುದಿಲ್ಲವೇ ಎಂದು ಕೇಳುವ ಸಹೋದ್ಯೋಗಿಗಳಿಗೆ ಏನು ಹೇಳಲಿ?

ಉತ್ತರ: ಕೊಳ್ಳುವ ಮಾತು ಆಮೇಲೆ ಆಡೋಣ ಮೇಡಂ. ಮೊದಲು ನಿಮ್ಮ ಪ್ರಶ್ನೆಪತ್ರಿಕೆಯ ಫೈಲ್ ಹೇಗಿದೆ ಎಂದು ನೋಡಬೇಕು. ಯಾಕೆ ಅಂತ ಒಂದು ಘಟನೆ ಹೇಳಿದರೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ಪರೀಕ್ಷೆಯ ದಿನ ಜೊತೆಗಿರಲು ನನ್ನನ್ನು ಕರೆದಿದ್ದರು. ಹೊಸ ಲ್ಯಾಪ್‌ಟಾಪ್, ಹೊಸ ಹೆಡ್‌ಫೋನ್, ಎಲ್ಲ ಸಿದ್ಧವಾಗಿತ್ತು. ಕಣ್ಣು ಕಾಣದ ಹುಡುಗಿಯೊಬ್ಬಳು ಕುಳಿತಿದ್ದಳು. ಗಂಟೆ ಹೊಡೆಯಿತು. ಮೇಲ್ವಿಚಾರಕರು ಪಿಡಿಎಫ್ ತೆರೆದುಕೊಟ್ಟರು. ಅವಳು ಕೆಳಬಾಣದ ಕೀಲಿ ಒತ್ತಿದಳು. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್, ಅಂದರೆ ಸ್ಕ್ರೀನ್ ರೀಡರ್, 'ಖಾಲಿ' ಎಂದಿತು. ಮತ್ತೆ ಒತ್ತಿದಳು. ಮತ್ತೆ 'ಖಾಲಿ'. ಅವಳು ಕೈಯೆತ್ತಿ ಪ್ರಶ್ನೆಗಳೇ ಇಲ್ಲ ಎಂದಳು. ಮೇಲ್ವಿಚಾರಕರು ಬಗ್ಗಿ ಪರದೆ ನೋಡಿದರು. 'ಎದುರಿಗೇ ಇದೆಯಲ್ಲಮ್ಮಾ, ಮೂವತ್ತೆಂಟು ಪ್ರಶ್ನೆ' ಎಂದರು. ಇಬ್ಬರು ಹೇಳಿದ್ದೂ ನಿಜವೇ. ಯಾರೋ ಮುದ್ರಿತ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಫೈಲಿಗೆ ಹಾಕಿದ್ದರು. ಅದು ಪ್ರಶ್ನೆಗಳ ಫೋಟೋ, ಅಷ್ಟೇ. ಒಬ್ಬ ಶಿಕ್ಷಕರು ಪಕ್ಕದ ಕೋಣೆಯಲ್ಲಿ ಕುಳಿತು ಪೂರ್ತಿ ಪತ್ರಿಕೆಯನ್ನು ಟೈಪ್ ಮಾಡಿದರು. ಅಷ್ಟು ಹೊತ್ತು ಆ ಹುಡುಗಿ ಕೈಕಟ್ಟಿ ಕೂತಿದ್ದಳು.

ಸ್ಕ್ರೀನ್ ರೀಡರ್‌ಗೆ ಕಣ್ಣಿಲ್ಲ. ಫೈಲಿನೊಳಗೆ ಅಕ್ಷರಗಳು ಅಕ್ಷರಗಳಾಗಿಯೇ ಇದ್ದರೆ ಅದು ಅವನ್ನು ಎತ್ತಿ ಓದುತ್ತದೆ. ಫೋಟೋ ಇದ್ದರೆ ಸುಮ್ನೆ ಇರುತ್ತದೆ. ಹಾಗಾಗಿ ಪ್ರಶ್ನೆಪತ್ರಿಕೆ ಟೈಪ್ ಮಾಡಿದ ವರ್ಡ್ ಫೈಲ್ ಅಥವಾ ಎಚ್‌ಟಿಎಂಎಲ್ ಪುಟ ಆಗಿರಲಿ. ಕನ್ನಡದ ಪತ್ರಿಕೆಗೆ ಇನ್ನೂ ಒಂದು ತೊಡಕಿದೆ. ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನೇ ಓದಿಬಿಡುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಯೂನಿಕೋಡ್‌ನಲ್ಲಿದ್ದರೆ ಮಾತ್ರ ಕನ್ನಡ ಕೇಳಿಸುತ್ತದೆ. ನಿಮ್ಮ ಫೈಲ್ ಯಾವುದು ಎಂದು ತಿಳಿಯಲು ಒಂದು ಸಾಲನ್ನು ಕಾಪಿ ಮಾಡಿ ಮೊಬೈಲಿನ ಮೆಸೇಜ್‌ಗೆ ಅಂಟಿಸಿ. ಅಲ್ಲೂ ಕನ್ನಡವೇ ಬಂದರೆ ಸರಿ.

ಟೈಪ್ ಮಾಡಿದ ಫೈಲ್ ಇದ್ದರೂ ಕೆಲಸ ಮುಗಿಯಲಿಲ್ಲ. ಕಣ್ಣಿಗೆಂದು ಬರೆದದ್ದು ಕಿವಿಗೆ ಬಂದಾಗ ಏನಾಗುತ್ತದೆ ನೋಡಿ. ಬಿಟ್ಟ ಸ್ಥಳ ತುಂಬಿರಿ ಎನ್ನುವಲ್ಲಿ ನಾವು ಇಪ್ಪತ್ತು ಅಡಿಗೆರೆ ಹೊಡೆದಿರುತ್ತೇವೆ. ಸ್ಕ್ರೀನ್ ರೀಡರ್‌ನ ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ ಅದು 'ಅಂಡರ್‌ಸ್ಕೋರ್, ಅಂಡರ್‌ಸ್ಕೋರ್' ಎಂದು ಗೊಣಗುತ್ತಲೇ ಇರುತ್ತದೆ, ಇಲ್ಲವೇ ಒಂದು ಮಾತೂ ಆಡದೆ ಹಾರಿ ಹೋಗುತ್ತದೆ. ಗೆರೆ ಬೇಡ, 'ಬಿಟ್ಟ ಸ್ಥಳ' ಎಂದೇ ಬರೆಯಿರಿ. 'ಅಡಿಗೆರೆ ಎಳೆದ ಪದದ ವಿರುದ್ಧ ಪದ ಬರೆಯಿರಿ' ಎಂದು ಕೇಳಿದ್ದೀರಿ ಅಂತಿಟ್ಟುಕೊಳ್ಳಿ. ಅಡಿಗೆರೆ, ದಪ್ಪಕ್ಷರ, ಬಣ್ಣ ಇವನ್ನು ಸ್ಕ್ರೀನ್ ರೀಡರ್ ತಾನಾಗಿ ಹೇಳುವುದು ಕಡಿಮೆ. ಯಾವ ಪದ ಎಂದು ಪ್ರಶ್ನೆಯಲ್ಲೇ ಹೇಳಿಬಿಡಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು 'ಹೊಂದಿಸಿ ಬರೆಯಿರಿ'. ಎರಡು ಕಾಲಂಗಳ ಕೋಷ್ಟಕವನ್ನು ಸ್ಕ್ರೀನ್ ರೀಡರ್ ಅಡ್ಡಕ್ಕೆ ಓದುತ್ತದೆ. ಮೊದಲ ಕಾಲಂನ ಒಂದು, ಎರಡನೇ ಕಾಲಂನ ಒಂದು, ಹೀಗೆ ಜೋಡಿ ಜೋಡಿಯಾಗಿ. ಎಲ್ಲವೂ ತಪ್ಪು ಜೋಡಿ! ಕೇಳುವವರ ತಲೆಯಲ್ಲಿ ಅದೇ ಕೂತುಬಿಡುತ್ತದೆ. ಮೊದಲ ಪಟ್ಟಿ ಪೂರ್ತಿ ಒಂದರ ಕೆಳಗೆ ಒಂದು, ಆಮೇಲೆ ಎರಡನೇ ಪಟ್ಟಿ ಪೂರ್ತಿ, ಹೀಗೆ ಕೊಡಿ. ಬಹು ಆಯ್ಕೆಯ ಪ್ರಶ್ನೆಗಳಲ್ಲೂ ನಾಲ್ಕು ಆಯ್ಕೆಗಳನ್ನು ಒಂದೇ ಸಾಲಿನಲ್ಲಿ ತುರುಕಬೇಡಿ, ಒಂದೊಂದಕ್ಕೂ ಒಂದೊಂದು ಸಾಲು ಇರಲಿ. ಪ್ರತಿ ವಿಭಾಗಕ್ಕೂ ವರ್ಡ್‌ನಲ್ಲಿ ಸಿಗುವ ಹೆಡಿಂಗ್ ಶೈಲಿಯನ್ನೇ ಹಾಕಿ. ಆಗ ನಿಮ್ಮ ವಿದ್ಯಾರ್ಥಿನಿ ಒಂದು ಕೀಲಿಯಲ್ಲಿ ವಿಭಾಗದಿಂದ ವಿಭಾಗಕ್ಕೆ ಹಾರಬಹುದು. ಇಲ್ಲದಿದ್ದರೆ ಮೂವತ್ತನೇ ಪ್ರಶ್ನೆಗೆ ಹೋಗಲು ಮೊದಲಿನಿಂದ ಇಪ್ಪತ್ತೊಂಬತ್ತನ್ನೂ ದಾಟಿಕೊಂಡು ಬರಬೇಕು.

ನೀವು ವಿಜ್ಞಾನದವರು, ಹಾಗಾಗಿ ಚಿತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚಿತ್ರಕ್ಕೆ ಮಾತಿನ ವಿವರಣೆ ಸೇರಿಸಬಹುದು, ಅದನ್ನು ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಆದರೆ ಪರೀಕ್ಷೆಯಲ್ಲಿ ಇದು ಹಗ್ಗದ ಮೇಲಿನ ನಡಿಗೆ. ಒಂದು ತ್ರಿಭುಜದ ಚಿತ್ರ ಕೊಟ್ಟು 'ಇದು ಯಾವ ಬಗೆಯ ತ್ರಿಭುಜ?' ಎಂದು ಕೇಳಿದ್ದೀರಿ. ವಿವರಣೆಯಲ್ಲಿ 'ಲಂಬಕೋನ ತ್ರಿಭುಜ' ಎಂದು ಬರೆದರೆ ಉತ್ತರ ಕೊಟ್ಟಂತಾಯಿತು. 'ತ್ರಿಭುಜ' ಎಂದಷ್ಟೇ ಬರೆದರೆ ಏನೂ ಕೊಡಲಿಲ್ಲ. 'ತ್ರಿಭುಜದ ಬಾಹುಗಳು 3, 4 ಮತ್ತು 5 ಸೆಂಟಿಮೀಟರ್' ಎಂದರೆ ಉಳಿದ ಮಕ್ಕಳಿಗೆ ಚಿತ್ರದಲ್ಲಿ ಕಂಡಷ್ಟೇ ಅವಳಿಗೂ ಸಿಕ್ಕಿತು. ಇದನ್ನು ಆ ವಿಷಯದ ಶಿಕ್ಷಕರೇ ಬರೆಯಬೇಕು, ಕಂಪ್ಯೂಟರ್ ವಿಭಾಗದವರಿಗೆ ಬಿಡುವ ಕೆಲಸವಲ್ಲ. ಹೃದಯದ ಚಿತ್ರ, ಗ್ರಾಫ್, ನಕ್ಷೆ ಇಂಥವಕ್ಕೆ ಮಾತು ಸಾಲುವುದಿಲ್ಲ. ಬೆರಳಿಗೆ ಸಿಗುವ ಉಬ್ಬು ಚಿತ್ರ ಬೇಕು. ಇದಕ್ಕೆಂದೇ ಒಂದು ಕಾಗದ ಬರುತ್ತದೆ. ಅದರ ಮೇಲೆ ಕಪ್ಪು ಗೆರೆಗಳನ್ನು ಮುದ್ರಿಸಿ ಬಿಸಿ ಮಾಡುವ ಯಂತ್ರದಲ್ಲಿ ತೂರಿಸಿದರೆ ಗೆರೆಗಳು ಮಾತ್ರ ಉಬ್ಬುತ್ತವೆ. ಚಿತ್ರದಲ್ಲಿ ಅನವಶ್ಯಕ ಗೆರೆಗಳನ್ನೆಲ್ಲ ಮೊದಲೇ ತೆಗೆಯಿರಿ. ಕಣ್ಣಿಗೆ ಚೆಂದ ಕಾಣುವ ನೆರಳು, ಛಾಯೆಗಳು ಬೆರಳಿಗೆ ಬರೀ ಗಲಾಟೆ.

ಗಣಿತದ ಶಿಕ್ಷಕರಿಗೂ ಒಂದು ಮಾತು ತಲುಪಿಸಿ. 'ಒಂದು ಭಾಗಿಸು ಎಕ್ಸ್ ಪ್ಲಸ್ ಎರಡು' ಎಂದು ಯಾರಾದರೂ ಓದಿದರೆ ಎರಡು ಎಲ್ಲಿದೆ? ಛೇದದಲ್ಲಿ ಎಕ್ಸ್ ಜೊತೆಗೋ, ಇಲ್ಲ ಹೊರಗೋ? ಎಕ್ಸ್‌ನ ಬೆಲೆ 2 ಎಂದುಕೊಂಡರೆ ಒಂದರಲ್ಲಿ ಉತ್ತರ ಕಾಲು, ಇನ್ನೊಂದರಲ್ಲಿ ಎರಡೂವರೆ. ಸ್ಕ್ರೈಬ್ ಓದುವಾಗಲೂ ಇದೇ ಎಡವಟ್ಟು ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಮೀಕರಣವನ್ನು ಚಿತ್ರವಾಗಿ ಅಂಟಿಸದೆ ಮ್ಯಾಥ್ಎಂಎಲ್ (ಗಣಿತವನ್ನು ಕಂಪ್ಯೂಟರ್ ಓದಬಲ್ಲ ಪಠ್ಯವಾಗಿ ಬರೆಯುವ ವಿಧಾನ) ರೂಪದಲ್ಲಿ ಕೊಟ್ಟರೆ ಸ್ಕ್ರೀನ್ ರೀಡರ್ ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹೇಳಬಲ್ಲದು. ಒಳಗೆ ಹೊಕ್ಕು ಅಂಶ, ಛೇದಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳಲೂ ಬರುತ್ತದೆ. ಹುಡುಗಿ ಬ್ರೈಲ್ ಓದುವವಳಾದರೆ ಗಣಿತಕ್ಕೆ ಬ್ರೈಲ್ ಪತ್ರಿಕೆಯನ್ನೂ ಕೊಡಿ. ಗಣಿತಕ್ಕೇ ಬೇರೆ ಬ್ರೈಲ್ ಸಂಕೇತಗಳಿವೆ. ಅವುಗಳಲ್ಲಿ ಹೆಸರಾದದ್ದು ಅಬ್ರಹಾಂ ನೆಮೆತ್ ಎಂಬ ಗಣಿತಜ್ಞ ರೂಪಿಸಿದ್ದು, ಅವರೂ ಕಣ್ಣು ಕಾಣದವರೇ. ಕಿವಿಯಲ್ಲಿ ಕೇಳಿದ ಸಮೀಕರಣ ಹಾರಿಹೋಗುತ್ತದೆ, ಬೆರಳಿನ ಕೆಳಗಿನದು ಅಲ್ಲೇ ಇರುತ್ತದೆ. ಕಂಪ್ಯೂಟರ್ ಬಂತು, ಇನ್ನು ಬ್ರೈಲ್ ಯಾಕೆ ಎನ್ನುವವರನ್ನು ನಾನು ಒಪ್ಪುವುದಿಲ್ಲ.

ಈಗ ಸಾಫ್ಟ್‌ವೇರ್. ನಿಮ್ಮ ವಿದ್ಯಾರ್ಥಿನಿ ಈಗಾಗಲೇ ಯಾವುದನ್ನು ಬಳಸುತ್ತಾಳೋ ಅದೇ. ಏನೂ ಬಳಸುತ್ತಿಲ್ಲ ಎಂದಾದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಿಂದ ಶುರು ಮಾಡಿ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಗೆಳೆಯರು ಕಟ್ಟಿದ್ದು, 2006ರಲ್ಲಿ ಶುರುವಾಯಿತು. ಪೂರ್ತಿ ಉಚಿತ. ಅದರ ಜೊತೆಗೇ ಬರುವ ಈಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಮೊದಲ ಸಲ ಕೇಳಿದವರು ಮುಖ ಸಿಂಡರಿಸುತ್ತಾರೆ. ಪಳಗಿದ ಮಕ್ಕಳು ಅದನ್ನೇ ನಮಗೆ ಒಂದು ಪದವೂ ತಿಳಿಯದ ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ಆದರೆ ಪಳಗಲು ತಿಂಗಳುಗಳು ಬೇಕು. ಮುಂದಿನ ವಾರ ಪರೀಕ್ಷೆ ಇದೆ, ಇವತ್ತು ಹಾಕಿಕೊಡುತ್ತೇವೆ ಎಂದರೆ ದಯವಿಟ್ಟು ಬೇಡ. ಈ ಸಲ ಸ್ಕ್ರೈಬ್ ಇರಲಿ, ತರಗತಿಯ ಕಿರು ಪರೀಕ್ಷೆಗಳಲ್ಲಿ ಕಂಪ್ಯೂಟರ್ ಶುರುವಾಗಲಿ.

ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ಬೇಕಾದದ್ದು ಬೇರೆ. ಅವನಿಗೆ ಪರದೆ ಕಾಣುತ್ತದೆ, ಓದುವುದೇ ಶ್ರಮ. ಪಠ್ಯವನ್ನು ಓದಿ ಹೇಳುತ್ತಾ, ಓದುತ್ತಿರುವ ಪದಕ್ಕೆ ಬಣ್ಣ ಹಚ್ಚುತ್ತಾ ಹೋಗುವ ಸಾಧನ ಸಾಕು. ವರ್ಡ್‌ನಲ್ಲೇ ಇಮ್ಮರ್ಸಿವ್ ರೀಡರ್ ಎಂಬುದಿದೆ. ಅಕ್ಷರಗಳ ನಡುವೆ ಜಾಗ ಹೆಚ್ಚಿಸಬಹುದು, ಒಂದೋ ಮೂರೋ ಸಾಲು ಮಾತ್ರ ಕಾಣುವಂತೆ ಮಾಡಬಹುದು. ಪರೀಕ್ಷೆಗೆ ಆರಿಸುವಾಗ ಅದು ನೆಟ್ ಇಲ್ಲದೆಯೂ ಓದುತ್ತದೆಯೇ, ಅದರಲ್ಲಿ ನಿಘಂಟು ಸೇರಿದೆಯೇ ಎಂದು ನೋಡಿಕೊಳ್ಳಿ. ಇದ್ದರೆ ನಿಘಂಟನ್ನು ಆಫ್ ಮಾಡಬೇಕು. ಡಿಸ್ಲೆಕ್ಸಿಯಾಗೆಂದೇ ಮಾಡಿದ ಫಾಂಟ್‌ಗಳ ಬಗ್ಗೆ ತುಂಬಾ ಪ್ರಚಾರ ಇದೆ. ಅವುಗಳಿಂದ ಓದು ನಿಜಕ್ಕೂ ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹುಡುಗನಿಗೆ ಇಷ್ಟವಾದರೆ ಹಾಕಿ, ಅಷ್ಟೇ. ಇದಕ್ಕಿಂತ ಮುಖ್ಯ, ಒಂದೇ ಪ್ರಶ್ನೆಯನ್ನು ಎಷ್ಟು ಸಲ ಬೇಕಾದರೂ ಕೇಳಬಹುದು ಎಂಬ ನಿರಾಳ. ಸ್ಕ್ರೈಬ್ ಹತ್ತಿರ ಐದನೇ ಸಲ 'ಇನ್ನೊಮ್ಮೆ ಓದಿ' ಎನ್ನಲು ಮಕ್ಕಳು ಮುಜುಗರ ಪಡುತ್ತಾರೆ. ಅರ್ಥವಾಗದಿದ್ದರೂ ಹೂಂ ಎಂದುಬಿಡುತ್ತಾರೆ. ಯಂತ್ರದ ಮುಂದೆ ಆ ಸಂಕೋಚ ಇಲ್ಲ.

ಮೂರನೇ ಹುಡುಗನ ವಿಷಯದಲ್ಲಿ ಅಂಗಡಿಗೆ ಹೋಗುವ ಮೊದಲು ಅವನ ಪಕ್ಕ ಅರ್ಧ ಗಂಟೆ ಕೂತು ನೋಡಿ. ಒಂದು ಕೈ ಚೆನ್ನಾಗಿ ಓಡುತ್ತದೆಯೇ? ಒಂದು ಬೆರಳೇ? ಕುರ್ಚಿಯಲ್ಲಿ ಜಾರುತ್ತಾನೆಯೇ? ಎಷ್ಟೋ ಸಲ ಮೇಜಿನ ಎತ್ತರ ಸರಿಮಾಡಿ, ಕಾಲಿಗೆ ಒಂದು ಮಣೆ ಕೊಟ್ಟರೆ ಕೈಯ ನಡುಕ ಕಡಿಮೆಯಾಗುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಕಂಪ್ಯೂಟರ್‌ನೊಳಗೇ ಕೆಲವು ಉಪಕಾರಿ ವಿಷಯಗಳಿವೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿ, ಸ್ಟಿಕಿ ಕೀಸ್ ಬರುತ್ತದೆ. ಎರಡು ಕೀಲಿ ಒಟ್ಟಿಗೆ ಒತ್ತಬೇಕಾದಲ್ಲಿ ಒಂದಾದ ಮೇಲೆ ಒಂದು ಒತ್ತಿದರೆ ಆಯಿತು. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್. ಬೆರಳು ತಪ್ಪಿ ತಾಗಿದ್ದನ್ನು, ಎತ್ತಲು ತಡವಾಗಿ ಒಂದೇ ಅಕ್ಷರ ಹತ್ತು ಸಲ ಬೀಳುವುದನ್ನು ಅದು ತಡೆಯುತ್ತದೆ. ಕೀಬೋರ್ಡಿನ ಮೇಲೆ ತೂತುಗಳಿರುವ ಒಂದು ತಟ್ಟೆ ಕೂರಿಸಿದರೆ ಕೈಯನ್ನು ಅದರ ಮೇಲೆ ಊರಿಕೊಂಡು ಬೇಕಾದ ಕೀಲಿಗೆ ಮಾತ್ರ ಬೆರಳು ಇಳಿಸಬಹುದು. ಕೈಯೇ ಓಡದವರಿಗೆ ಒಂದೇ ಗುಂಡಿಯಿಂದ ಅಕ್ಷರ ಆರಿಸುವ ಸ್ವಿಚ್, ಕಣ್ಣಿನ ನೋಟದಿಂದ ಟೈಪ್ ಮಾಡುವ ಸಾಧನ ಇವೆಲ್ಲ ಇವೆ. ನೋಟದ ಸಾಧನ ತಂದರೆ ಕಿಟಕಿಯ ಪಕ್ಕ ಕೂರಿಸಬೇಡಿ. ಅದು ಅವಗೆಂಪು ಬೆಳಕಿನಲ್ಲಿ ಕಣ್ಣನ್ನು ಹಿಂಬಾಲಿಸುತ್ತದೆ, ಬಿಸಿಲು ಬಿದ್ದರೆ ದಾರಿ ತಪ್ಪುತ್ತದೆ.

ಮಾತಾಡಿದ್ದನ್ನು ಟೈಪ್ ಮಾಡುವ ಸೌಲಭ್ಯ ಇದೆಯಲ್ಲ, ಅದೇ ಸುಲಭ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಮೂರು ತೊಂದರೆಗಳಿವೆ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳ ಮಾತು ಮನೆಯವರಿಗೆ ತಿಳಿದಷ್ಟು ಯಂತ್ರಕ್ಕೆ ತಿಳಿಯುವುದಿಲ್ಲ. ಬೇರೆ ಕೋಣೆ ಬೇಕೇ ಬೇಕು, ಇಲ್ಲದಿದ್ದರೆ ಉತ್ತರ ಇಡೀ ಹಾಲ್‌ಗೆ ಕೇಳಿಸುತ್ತದೆ. ಮೂರನೆಯದು, ವಿಂಡೋಸ್‌ನ ವಾಯ್ಸ್ ಟೈಪಿಂಗ್‌ನಂಥವು ಇಂಟರ್ನೆಟ್ ಮೂಲಕ ಕೆಲಸ ಮಾಡುತ್ತವೆ. ಪರೀಕ್ಷೆಗೆಂದು ನೆಟ್ ತೆಗೆದ ಕ್ಷಣ ಅದು ಮೂಕವಾಗುತ್ತದೆ. ತರಗತಿಯಲ್ಲಿ ಚೆನ್ನಾಗಿ ನಡೆದದ್ದು ಪರೀಕ್ಷೆಯ ದಿನ ಕೈಕೊಟ್ಟಿತು ಎಂಬ ದೂರು ನನಗೆ ಬಂದಾಗ ಮೊದಲು ನೋಡುವುದೇ ಇದನ್ನು.

ಅನ್ಯಾಯದ ಪ್ರಶ್ನೆಗೆ ಬರೋಣ. ನಿಮ್ಮ ಸಹೋದ್ಯೋಗಿಗಳ ಅನುಮಾನ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಪ್ರತಿ ಪ್ರಶ್ನೆಯ ಮುಂದೆ ನಿಂತು ಉತ್ತರಿಸಬೇಕು: ಈ ಪ್ರಶ್ನೆ ಏನನ್ನು ಅಳೆಯುತ್ತಿದೆ? ದ್ಯುತಿಸಂಶ್ಲೇಷಣೆಯ ಪ್ರಶ್ನೆ ಅಕ್ಷರ ಗುರುತಿಸುವ ಶಕ್ತಿಯನ್ನಾಗಲೀ ಕೈಬರಹವನ್ನಾಗಲೀ ಅಳೆಯುತ್ತಿಲ್ಲ. ಯಂತ್ರ ಓದಿಕೊಟ್ಟರೆ ಅಳತೆ ಕೆಡುವುದಿಲ್ಲ. ಕಾಗುಣಿತಕ್ಕೇ ಅಂಕ ಇರುವ ಭಾಷಾ ಪ್ರಶ್ನೆಯಲ್ಲಿ ಸ್ಪೆಲ್ ಚೆಕ್ ಕೊಟ್ಟರೆ ಕೆಡುತ್ತದೆ. ಪದ ಮೊದಲೇ ಊಹಿಸಿ ತೋರಿಸುವ ಸೌಲಭ್ಯಕ್ಕೂ ಇದೇ ಮಾತು. ಕೈ ಓಡದ ಹುಡುಗನಿಗೆ ಅದು ನೂರಾರು ಒತ್ತುವಿಕೆ ಉಳಿಸುತ್ತದೆ, ವಿಜ್ಞಾನದಲ್ಲಿ ಇರಲಿ, ಕಾಗುಣಿತದ ಪ್ರಶ್ನೆಯಲ್ಲಿ ಬೇಡ. ಗದ್ಯಭಾಗ ಓದಿ ಉತ್ತರಿಸಿ ಎನ್ನುವಲ್ಲಿ ಮಾತ್ರ ನಿಜವಾದ ಜಿಜ್ಞಾಸೆ ಇದೆ. ಬ್ರಿಟನ್ನಿನ ಪರೀಕ್ಷಾ ಮಂಡಳಿಗಳ ಒಕ್ಕೂಟ ಜೆಸಿಕ್ಯೂ ಇದಕ್ಕೆ ಕಂಡುಕೊಂಡ ದಾರಿ ನನಗೆ ಹಿಡಿಸಿತು. ಓದುವ ಸಾಮರ್ಥ್ಯವನ್ನೇ ಅಳೆಯುವ ಭಾಗದಲ್ಲಿ ಅವರು ಮನುಷ್ಯ ಓದಿ ಹೇಳಲು ಬಿಡುವುದಿಲ್ಲ, ಕಂಪ್ಯೂಟರ್ ಓದಿ ಹೇಳಲು ಬಿಡುತ್ತಾರೆ. ಮನುಷ್ಯ ಓದುವಾಗ ದನಿಯ ಏರಿಳಿತದಲ್ಲೇ ಅರ್ಥ ಸೋರಿಹೋಗುತ್ತದೆ. ವ್ಯಂಗ್ಯದ ಸಾಲನ್ನು ವ್ಯಂಗ್ಯವಾಗಿ ಓದಿದರೆ ಅರ್ಧ ಉತ್ತರ ಹೇಳಿದ ಹಾಗೇ ಅಲ್ವಾ? ಯಂತ್ರ ಎಲ್ಲವನ್ನೂ ಒಂದೇ ತೂಕದಲ್ಲಿ ಓದುತ್ತದೆ. ಸ್ಕ್ರೈಬ್ ನ್ಯಾಯ, ಕಂಪ್ಯೂಟರ್ ಅನ್ಯಾಯ ಎನ್ನುವವರಿಗೆ ಇದನ್ನು ಹೇಳಿನೋಡಿ. ಸ್ಕ್ರೈಬ್ ಗುಟ್ಟಾಗಿ ಕಾಗುಣಿತ ತಿದ್ದುವುದನ್ನು, ತನಗೆ ತಿಳಿದಂತೆ ವಾಕ್ಯ ಮಾಡುವುದನ್ನು ತಡೆಯಲು ಯಾವ ಸೆಟ್ಟಿಂಗೂ ಇಲ್ಲ.

ಇದು ಕೃಪೆಯ ವಿಷಯವಲ್ಲ ಎಂಬುದನ್ನೂ ಸಭೆಯಲ್ಲಿ ಹೇಳಿ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣದಲ್ಲಿ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ನಿಮ್ಮ ಪರೀಕ್ಷಾ ಮಂಡಳಿಯ ನಿಯಮ ಓದಿ, ಏನೇನಕ್ಕೆ ಒಪ್ಪಿಗೆ ಬೇಕೋ ಅದನ್ನು ಲಿಖಿತವಾಗಿ, ಬೇಗ ತೆಗೆದುಕೊಳ್ಳಿ. ಕಂಪ್ಯೂಟರ್ ಕೊಟ್ಟೆವಲ್ಲ, ಇನ್ನು ಹೆಚ್ಚುವರಿ ಸಮಯ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಣ್ಣು ಪುಟದ ಮೇಲೆ ಒಮ್ಮೆ ಹಾಯ್ದರೆ ಯಾವ ಪ್ರಶ್ನೆ ಸುಲಭ ಎಂದು ತಿಳಿಯುತ್ತದೆ, ಕಿವಿಗೆ ಆ ಅನುಕೂಲವಿಲ್ಲ. ಒಂದೊಂದಾಗಿಯೇ ಕೇಳಬೇಕು. ಸಮಯ ಕಡಿತಕ್ಕೆ ಒಪ್ಪಬೇಡಿ.

ಪರೀಕ್ಷೆಯ ಕಂಪ್ಯೂಟರ್‌ನಲ್ಲಿ ಬೇರೆಯೇ ಖಾತೆ ಮಾಡಿ. ಒಳಗೆ ಹಳೆಯ ಟಿಪ್ಪಣಿ ಒಂದೂ ಇರಬಾರದು. ನೆಟ್ ಇಲ್ಲ, ಎಐ ಸಹಾಯಕ ಇಲ್ಲ, ಬೇಡದ ಕಡೆ ಸ್ಪೆಲ್ ಚೆಕ್ ಇಲ್ಲ. ಬೇರೆ ಏನೂ ತೆರೆಯದಂತೆ ಬೀಗ ಹಾಕುವ ಪರೀಕ್ಷಾ ಬ್ರೌಸರ್ ಬಳಸುವುದಾದರೆ ಹುಷಾರು, ಅಂಥ ಕೆಲವು ಬ್ರೌಸರ್‌ಗಳು ಸ್ಕ್ರೀನ್ ರೀಡರನ್ನೂ ಬೀಗದ ಹೊರಗೇ ನಿಲ್ಲಿಸಿಬಿಡುತ್ತವೆ. ಫೈಲ್ ತಾನಾಗಿ ಸೇವ್ ಆಗುವಂತಿರಲಿ. ಕರೆಂಟ್ ಹೋದರೆ, ಯಂತ್ರ ಕೆಟ್ಟರೆ ಎರಡನೇ ಲ್ಯಾಪ್‌ಟಾಪ್ ಅದೇ ಸೆಟ್ಟಿಂಗ್‌ನೊಂದಿಗೆ ಪಕ್ಕದಲ್ಲಿರಲಿ, ಒಬ್ಬ ಸ್ಕ್ರೈಬ್ ಕೂಡ ಕರೆದರೆ ಬರುವಷ್ಟು ಹತ್ತಿರ ಇರಲಿ. ಅಂಥ ಹೊತ್ತಿನಲ್ಲಿ ಗಡಿಯಾರ ನಿಲ್ಲಿಸಬೇಕು, ಎಷ್ಟು ನಿಮಿಷ ನಿಂತಿತು ಎಂದು ಬರೆದಿಡಬೇಕು. ಮುಗಿದ ಮೇಲೆ ಉತ್ತರಗಳನ್ನು ಅಲ್ಲೇ ಪ್ರಿಂಟ್ ತೆಗೆದು, ವಿದ್ಯಾರ್ಥಿಯ ಎದುರಿಗೇ ಪುಟ ಎಣಿಸಿ ಸಹಿ ಹಾಕಿಸಿ.

ಮೇಲ್ವಿಚಾರಕರಿಗೆ ಹತ್ತು ನಿಮಿಷದ ತಿಳಿವಳಿಕೆ ಬೇಕು. ಪ್ರಶ್ನೆಯಲ್ಲಿ ತಪ್ಪಿದೆ ಎಂದು ಬೋರ್ಡಿನ ಮೇಲೆ ತಿದ್ದುಪಡಿ ಬರೆದು ಸುಮ್ಮನಾದರೆ ನಿಮ್ಮ ವಿದ್ಯಾರ್ಥಿನಿಗೆ ಅದು ತಲುಪುವುದೇ ಇಲ್ಲ. ಹೆಡ್‌ಫೋನ್ ಹಾಕಿದವಳ ಭುಜ ಹಿಂದಿನಿಂದ ತಟ್ಟಿ ಬೆಚ್ಚಿಬೀಳಿಸಬಾರದು, ಮೇಜನ್ನು ಮೆಲ್ಲಗೆ ಕುಟ್ಟಿ ಕರೆಯಬೇಕು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮುಂದೆ ಕಿವಿ ಕೇಳದ ಮಗು ಬಂದರೆ, ಶ್ರವಣಸಾಧನಕ್ಕೆ ಬ್ಲೂಟೂತ್ ಇದೆ ಎಂಬ ಅನುಮಾನದಿಂದ ಅದನ್ನು ಬಿಚ್ಚಿಸಬೇಡಿ. ಫೋನ್ ಹೊರಗಿಡಿಸಿ, ಸಾಧನ ಕಿವಿಯಲ್ಲೇ ಇರಲಿ.

ಈ ವಾರ ಒಂದು ಕೆಲಸ ಮಾಡಿ. ಕಳೆದ ವರ್ಷದ ನಿಮ್ಮದೇ ವಿಜ್ಞಾನ ಪತ್ರಿಕೆಯ ಫೈಲನ್ನು ಎನ್‌ವಿಡಿಎ ಇರುವ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಮಾನಿಟರ್ ಆಫ್ ಮಾಡಿ. ಮೌಸ್ ಮುಟ್ಟದೆ, ಕೀಬೋರ್ಡ್ ಒಂದರಿಂದಲೇ ಹತ್ತನೇ ಪ್ರಶ್ನೆ ಹುಡುಕಿ ಉತ್ತರ ಬರೆಯಿರಿ. ಸಾಧ್ಯವಾದರೆ ಆ ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಅವಳಿಗೆ ಕೇಳಿದ ಕೂಡಲೇ ತಿಳಿಯುತ್ತದೆ. ಆ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ಮೊದಲು ತಿದ್ದಬೇಕಾದದ್ದು ಅವನ್ನೇ.